ಎಲ್ಫ್‌ಕ್ವೆಸ್ಟ್: ಎಲ್ಫ್‌ಗಳಲ್ಲಿ ಕೆಲವರಿಗೆ ಮಾತ್ರ ಸಾವು ಯಾಕೆ?

ಜೆರಾಕ್ಸ್ ಅಂಗಡಿ, ತುಮಕೂರು:

ನಮಸ್ಕಾರ. ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪರೀಕ್ಷೆ ಸಮಯ ಬಿಟ್ಟರೆ ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಕಂಪ್ಯೂಟರ್‌ನಲ್ಲಿ ಎಲ್ಫ್‌ಕ್ವೆಸ್ಟ್ ಅನ್ನೋ ಕಾಮಿಕ್ಸ್ ಓದುತ್ತಾ ಕೂರುತ್ತೇನೆ. ಪಿಯುಸಿ ಓದುವ ಮಗಳು ಕಾಲೇಜು ಮುಗಿಸಿ ಬಂದು ಪಕ್ಕದ ಸ್ಟೂಲ್ ಎಳೆದುಕೊಳ್ಳುತ್ತಾಳೆ. ನಾನು ಚಿತ್ರ ನೋಡುವವನು, ಅವಳು ಪ್ರಶ್ನೆ ಕೇಳುವವಳು. ಅವಳ ಪ್ರಶ್ನೆಗಳನ್ನೇ ಇಲ್ಲಿ ಹಾಕುತ್ತಿದ್ದೇನೆ.

ಕಟ್ಟರ್ ಅಂದರೆ ತೋಳ ಸವಾರಿ ಮಾಡುವ ಎಲ್ಫ್‌ಗಳ ನಾಯಕ. ಅವರ ಕಾಡು ಸುಟ್ಟುಹೋಯಿತು, ನೆಲದಡಿ ಬದುಕುವ ಟ್ರೋಲ್‌ಗಳು ಸುರಂಗದಲ್ಲಿ ಕರೆದುಕೊಂಡು ಹೋಗಿ ಮರುಭೂಮಿಗೆ ಬಿಟ್ಟು ಕೈಕೊಟ್ಟರು. ಈಗ ಕಟ್ಟರ್ ತಂಡ ಸಾರೋಸ್ ಎಂಡ್ ಹಳ್ಳಿಗೆ ಬಂದಿದೆ. ಅಲ್ಲಿನ ಎಲ್ಫ್ ಲೀಟಾಗೆ 600 ವರ್ಷದ ಮೇಲಂತೆ, ನೋಡಿದರೆ ಮದುವೆ ವಯಸ್ಸಿನ ಹುಡುಗಿ. ಕಟ್ಟರ್ ಕಡೆಯವರು ಮಾತ್ರ ಮುದುಕರಾಗುತ್ತಾರೆ, ಸಾಯುತ್ತಾರೆ. ಎರಡೂ ಎಲ್ಫ್ ಜಾತಿಯೇ ಅಲ್ವಾ?

ಇನ್ನೊಂದು, ಬೆರಳು. ಎಲ್ಫ್‌ಗಳ ಕೈಗೆ ಹೆಬ್ಬೆರಳೂ ಸೇರಿ ನಾಲ್ಕೇ. ಚಿತ್ರ ಬರೆಯುವ ಕೆಲಸ ಉಳಿಸಲು ಹಾಗೆ ಮಾಡಿರಬೇಕು ಅಂತ ಮಗಳ ಅನುಮಾನ. ಆಕಾಶದಿಂದ ಬಂದವರು ಅಂತಾರೆ, ಹಾಗಿದ್ದರೆ ಯುರೋಪಿನ ಅಜ್ಜಿಕಥೆಯ ಎಲ್ಫ್‌ಗಳ ಥರವೇ ಚೂಪು ಕಿವಿ ಯಾಕೆ?

ಅವಳಿಗೆ ಸಿಟ್ಟು ಬಂದಿರೋದು ಮಾತ್ರ ರೆಕಗ್ನಿಷನ್ ಮೇಲೆ. ಕಣ್ಣಿಗೆ ಕಣ್ಣು ಬಿದ್ದ ತಕ್ಷಣ ಇವನೇ ನಿನ್ನ ಜೋಡಿ ಅಂತ ಮೈಯೇ ಹೇಳಿಬಿಡುತ್ತದೆ. ಲೀಟಾಗೆ ಇಷ್ಟ ಇಲ್ಲ, ಆದರೂ ಬಿಡಲ್ಲ. "ಇದೆಂಥ ನ್ಯಾಯ ಅಪ್ಪಾ?" ಅಂದಳು. ನನ್ನ ಹತ್ತಿರ ಉತ್ತರ ಇಲ್ಲ.

ಗೌರಿಬಿದನೂರು ಮೇಷ್ಟ್ರು:

ಚೂಪು ಕಿವಿಯಿಂದಲೇ ಶುರು ಮಾಡೋಣ. ಉಳಿದದ್ದೆಲ್ಲ ಅದಕ್ಕೇ ಗಂಟು ಬಿದ್ದಿದೆ.

ಇವರ ಪೂರ್ವಿಕರು ಹೈ ಒನ್ಸ್. ಬೇರೆ ಲೋಕದವರು, ಬೇಕಾದ ರೂಪ ತಾಳಬಲ್ಲವರು. ಕಥೆ ನಡೆಯುವ ಎರಡು ಚಂದ್ರರ ಲೋಕದ ಮನುಷ್ಯರು ಎಲ್ಫ್‌ಗಳ ಕಥೆ ಹೇಳಿಕೊಳ್ಳುತ್ತಿದ್ದರು. ಅವರು ಬೆಚ್ಚಿಬೀಳದಿರಲಿ ಅಂತ ಅದೇ ವೇಷ ಹಾಕಿಕೊಂಡರು. ಹಡಗಿಗೂ ಅರಮನೆಯ ಆಕಾರ ಕೊಟ್ಟರು. ಇಳಿಯುವ ಹೊತ್ತಿಗೆ ಹಡಗಿನೊಳಗೆ ದುಡಿಯುತ್ತಿದ್ದ ಟ್ರೋಲ್‌ಗಳ ಪೂರ್ವಿಕರು ತಿರುಗಿಬಿದ್ದರು. ಲೆಕ್ಕ ತಪ್ಪಿತು. ಲೋಕ ಅದೇ, ಆದರೆ ಸಾವಿರಾರು ವರ್ಷ ಹಿಂದಿನ ಕಾಲಕ್ಕೆ ಹೋಗಿ ಬಿದ್ದರು. ಎಲ್ಲೆಲ್ಲೂ ಹಿಮ. ಎಲ್ಫ್ ಕಥೆ ಇನ್ನೂ ಹುಟ್ಟೇ ಇಲ್ಲದ ಕಾಡು ಮನುಷ್ಯರು. ಹೊರಗೆ ಕಾಲಿಟ್ಟವರ ಮೇಲೆ ಏಟು ಬಿತ್ತು. ಅವರ ಮಾಯೆಯೂ ಅಲ್ಲಿ ಸರಿಯಾಗಿ ನಡೆಯಲಿಲ್ಲ.

ಹಸಿದು ಸಾಯುತ್ತಿದ್ದ ತನ್ನವರಿಗೆ ಬೇಟೆ ತರಲು ಟಿಮ್ಮೈನ್ ಎಂಬವಳು ತೋಳವಾದಳು. ತೋಳದ ಜೊತೆ ಕೂಡಿ ಟಿಮ್ಮಾರ್ನ್ ಎಂಬ ಮಗನನ್ನು ಹೆತ್ತಳು. ಅವನ ವಂಶವೇ ವುಲ್ಫ್‌ರೈಡರ್‌ಗಳು. ಕಟ್ಟರ್ ಆ ಸಾಲಿನ 11ನೇ ನಾಯಕ. ತೋಳದ ರಕ್ತದಿಂದ ಚುರುಕು ಮೂಗು ಬಂತು, ಹಸಿಮಾಂಸ ತಿಂದು ಅರಗಿಸಿಕೊಳ್ಳುವ ಹೊಟ್ಟೆ ಬಂತು, ಮುಪ್ಪೂ ಸಾವೂ ಬಂದವು. ನೂರಾರು ವರ್ಷ ಬದುಕಬಹುದು. ಆದರೆ ಬೇಟೆಯಲ್ಲೋ ಹೊಡೆದಾಟದಲ್ಲೋ ಮೊದಲೇ ಹೋಗುವವರೇ ಜಾಸ್ತಿ. ಲೀಟಾ ಮೈಯಲ್ಲಿ ತೋಳದ ರಕ್ತ ಇಲ್ಲ, ಅಷ್ಟೇ ವ್ಯತ್ಯಾಸ.

ಸಾವಿಲ್ಲದವರೇ ಪುಣ್ಯವಂತರು ಅನ್ನಿಸಿದರೆ ಬ್ಲೂ ಮೌಂಟನ್ ಭಾಗ ಬರುವವರೆಗೂ ತಡೆಯಿರಿ. ಬೆಟ್ಟದೊಳಗೆ ಬಾಗಿಲು ಹಾಕಿಕೊಂಡು ಸಾವಿರಾರು ವರ್ಷ ಕೂತವರು ಅಲ್ಲಿದ್ದಾರೆ. ವಿನೋವಿಲ್ ಅವರ ವೈದ್ಯೆ. ಗುಣಪಡಿಸಲು ಗಾಯವೇ ಇಲ್ಲ, ರೋಗಿಯೇ ಇಲ್ಲ. ಕೈಯಲ್ಲಿನ ವಿದ್ಯೆ ಒಳಗೇ ಕೊಳೆತು, ಕೊನೆಗೆ ಗಾಯ ಮಾಡೋದಕ್ಕೇ ಅದನ್ನು ಬಳಸುತ್ತಾಳೆ. ಅವಳನ್ನು ಕೊಲ್ಲೋದಕ್ಕೂ ಹೆದರಿಕೆ, ದೇಹ ಬಿಟ್ಟ ಆತ್ಮ ಇನ್ನೂ ಅಪಾಯ. ವುಲ್ಫ್‌ರೈಡರ್‌ಗಳ ಸಾವು ಎರಡು ಚಂದ್ರರ ನೆಲದಲ್ಲಿ ಬೇರು ಬಿಡಲು ಕೊಟ್ಟ ಬೆಲೆ ಅಂತ ನನ್ನ ಓದು. ಕಟ್ಟರ್ ಗೆಳೆಯ ಸ್ಕೈವೈಸ್ ಮುಂದೆ ಟಿಮ್ಮೈನ್ ಕೈಯಿಂದ ಆ ರಕ್ತ ತೆಗೆಸಿಕೊಂಡು ಸಾವು ತಪ್ಪಿಸಿಕೊಳ್ಳುತ್ತಾನೆ. ನನಗಂತೂ ಅದು ಇಷ್ಟ ಆಗಲಿಲ್ಲ.

ಬೆರಳಿನದು ಸುಮ್ನೆ ಕೆಲಸ ಉಳಿಸಲು ಮಾಡಿದ್ದಲ್ಲ. ಮನುಷ್ಯರಿಗೆ ಐದೇ ಬರೆದಿದ್ದಾರೆ ನೋಡಿ. ಎಲ್ಫ್‌ಗಳು ಮನುಷ್ಯರನ್ನು "ಐದು ಬೆರಳಿನವರು" ಅಂತಲೇ ಕರೆಯುತ್ತಾರೆ.

ಮಧುಗಿರಿ ಹೈದ:

ನಮ್ಮದು ಕುರಿ ಸಾಕುವ ಮನೆ. ಮೈದನಹಳ್ಳಿಯ ಕೃಷ್ಣಮೃಗದ ಕಾವಲಿನ ಕಡೆ ತೋಳ ಇವೆ. ರಾತ್ರಿ ರೊಪ್ಪದ ಹತ್ತಿರ ನಾಯಿ ಬೊಗಳುವ ರೀತಿಯಲ್ಲೇ ಬಂದಿರೋದು ತೋಳ ಅಂತ ನಮ್ಮಪ್ಪ ಹೇಳಿಬಿಡುತ್ತಾರೆ. ಅದರ ಮೇಲೆ ಸವಾರಿ ಅಂದರೆ ಅವರು ನಕ್ಕು ನಕ್ಕು ಸುಸ್ತಾದರು. ನಮ್ಮ ತೋಳ ಒಳ್ಳೆ ಮೇಕೆಯಷ್ಟು ಎತ್ತರ ಬಂದರೆ ಹೆಚ್ಚು!

ಆದರೆ ಗುಂಪಿನ ರೀತಿ ಸರಿಯಾಗಿ ಹಿಡಿದಿದ್ದಾರೆ. ತೋಳದ ಗುಂಪು ಅಂದರೆ ಹೆಚ್ಚಾಗಿ ಒಂದು ಗಂಡು, ಒಂದು ಹೆಣ್ಣು, ಅವುಗಳ ಮರಿಗಳು. ಅದು ಸಂಸಾರ, ಸೈನ್ಯ ಅಲ್ಲ. ವುಲ್ಫ್‌ರೈಡರ್‌ಗಳು ಸತ್ತವರಿಗೆ ಗೋರಿ ಕಟ್ಟಲ್ಲ, ಹೆಣವನ್ನು ತೋಳಗಳಿಗೇ ಬಿಡುತ್ತಾರೆ, ಸೇರಿ ಊಳಿಡುತ್ತಾರೆ. ನಿನ್ನೆಯದನ್ನು ಎಳೆದಾಡಲ್ಲ, ನಾಳೆಗೆ ಕೊರಗಲ್ಲ. ತೋಳಕ್ಕೆ ಆಯಸ್ಸು ಕಡಿಮೆ ಅಲ್ವಾ, ಒಬ್ಬ ಸವಾರ ಬದುಕಿನಲ್ಲಿ ಎಷ್ಟೋ ತೋಳಗಳನ್ನು ಕಳೆದುಕೊಳ್ಳುತ್ತಾನೆ. ಸಾವು ಅವರಿಗೆ ಮನೆಯೊಳಗಿನ ವಿಷಯ.

ಕೆಜಿಎಫ್ ಹುಡುಗಿ:

ಮೇಷ್ಟ್ರೇ, ಸ್ಕೈವೈಸ್ ವಿಷಯದಲ್ಲಿ ನಾನು ಒಪ್ಪಲ್ಲ. ಅವನ ಕತ್ತಿನಲ್ಲಿ ಮೊದಲಿಂದಲೂ ಅಯಸ್ಕಾಂತದ ಕಲ್ಲು, ಕಣ್ಣು ಮೊದಲಿಂದಲೂ ನಕ್ಷತ್ರದ ಮೇಲೆ. ಅವನು ಕಾಡಿನವನಾಗಿದ್ದೇ ಕಡಿಮೆ. ಕಟ್ಟರ್‌ಗೆ ನೆಲ ಸಾಕು, ಇವನಿಗೆ ಸಾಲದು. ಒಬ್ಬರಿಗೆ ಸರಿಹೋದದ್ದು ಎಲ್ಲರಿಗೂ ಸರಿಹೋಗಬೇಕು ಅಂತ ಕಥೆಯೇನೂ ಹೇಳಲ್ಲ. ಇನ್ನು ಟ್ರೋಲ್‌ಗಳನ್ನು ಬೈಯಬೇಡಿ, ನಮ್ಮ ತಾತ ಗಣಿಯಲ್ಲಿ ಇಳಿದವರು. ನೆಲದಡಿ ದುಡಿಯುವವರಿಗೆ ತಿರುಗಿಬೀಳಲು ಕಾರಣ ಇದ್ದೇ ಇರುತ್ತದೆ.

ಜೆರಾಕ್ಸ್ ಅಂಕಲ್, ನಿಮ್ಮ ಮಗಳ ಸಿಟ್ಟು ಸರಿಯಾಗಿಯೇ ಇದೆ. ರೆಕಗ್ನಿಷನ್ ಪ್ರೀತಿ ಅಲ್ಲ. ಒಳ್ಳೆಯ ಮಗು ಹುಟ್ಟಲಿ ಅಂತ ರಕ್ತ ಮಾಡುವ ಒತ್ತಾಯ ಅದು. ತಡೆದು ನಿಂತರೆ ಮೈ ಕಾಯಿಲೆ ಬೀಳುತ್ತದೆ. ಲೀಟಾ ಅಲ್ಲೇ ಗಟ್ಟಿ ಹುಡುಗಿ ಅನ್ನಿಸೋದು. ಅವಳ ಹಳ್ಳಿಯಲ್ಲೇ ಅವಳನ್ನು ಬಯಸುವ ರಾಯೆಕ್ ಮತ್ತು ಕಟ್ಟರ್ ಪಂದ್ಯ ಕಟ್ಟಿಕೊಳ್ಳುತ್ತಾರೆ, ಕಟ್ಟರ್ ಗೆಲ್ಲುತ್ತಾನೆ. ಗೆದ್ದ ಮಾತ್ರಕ್ಕೆ ಇವಳು ಎದ್ದು ಹೋಗಲ್ಲ. ಅವನನ್ನು ನೋಡುತ್ತಾಳೆ, ಅಳೆಯುತ್ತಾಳೆ, ತಾನಾಗಿ ಒಪ್ಪಿದ ಮೇಲೆಯೇ ಹೋಗೋದು. ಇನ್ನೊಂದು ವಿಷಯ ಇದೆ. ರೆಕಗ್ನಿಷನ್‌ನಲ್ಲಿ ಒಬ್ಬರ ಆತ್ಮದ ಹೆಸರು ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಅವಳ ಹಳ್ಳಿಯವರಿಗೆ ಅಂಥ ಹೆಸರಿನ ನೆನಪೇ ಇಲ್ಲ. ತನಗೇ ಗೊತ್ತಿಲ್ಲದ ಗುಟ್ಟು ನಿನ್ನೆ ಬಂದವನ ಕೈಗೆ ಸಿಕ್ಕರೆ ಯಾರಿಗೆ ತಾನೇ ಹೆದರಿಕೆ ಆಗಲ್ಲ ಹೇಳಿ? ಮಗಳಿಗೆ ಆ ಸಂಚಿಕೆಯಲ್ಲಿ ಲೀಟಾ ಮುಖದ ಚಿತ್ರಗಳನ್ನೇ ಮತ್ತೆ ನೋಡಲು ಹೇಳಿ. ಚಿತ್ರ ಬರೆದ ವೆಂಡಿ ಪಿನಿ ಅರ್ಧ ಮಾತನ್ನು ಹುಬ್ಬಲ್ಲೇ ಬರೆದಿದ್ದಾರೆ.

ಜೆರಾಕ್ಸ್ ಅಂಗಡಿ, ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಿನ ಮಾತು ಮಗಳಿಗೆ ಬಹಳ ಹಿಡಿಸಿತು, ಆ ಪುಟಗಳನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದಾಳೆ. ಆದರೆ ಮೇಷ್ಟ್ರೇ, ಸ್ಕೈವೈಸ್ ಕಥೆ ಈಗಲೇ ಯಾಕ್ರೀ ಬಿಟ್ಟುಕೊಟ್ಟಿರಿ? ಅವಳಿಗೆ ಅವನೇ ಇಷ್ಟ. ನಿಮ್ಮ ಉತ್ತರದ ಆ ಎರಡು ಸಾಲು ಬಿಟ್ಟು ಓದಿ ಹೇಳಿದೆ. ಇನ್ನು ಕೊನೆಯವರೆಗೂ ಓದಲು ಯಾವ ಕ್ರಮ ಹಿಡಿಯಬೇಕು?

ಗೌರಿಬಿದನೂರು ಮೇಷ್ಟ್ರು:

ಬಾಯಿ ತಡೆಯಲಿಲ್ಲ, ಬಿಡಿ. 1978ರಲ್ಲಿ ಶುರುವಾದ ಮೊದಲ 20 ಸಂಚಿಕೆ ಒಂದು ಪೂರ್ತಿ ಕಥೆ. ಆಮೇಲೆ ಬ್ಲೂ ಮೌಂಟನ್ ಮುತ್ತಿಗೆಯ ಭಾಗ, ಅದರ ಬೆನ್ನಿಗೇ ಕಿಂಗ್ಸ್ ಆಫ್ ದ ಬ್ರೋಕನ್ ವೀಲ್. ಅಲ್ಲಿಂದಾಚೆ ಬೇರೆ ಬೇರೆ ಕೈಗಳು ಬರೆದ ಉಪಕಥೆಗಳು ಬಹಳ ಇವೆ, ಬೇಕಾದರೆ ಹಾರಿಸಿ. ಫೈನಲ್ ಕ್ವೆಸ್ಟ್ ಮಾತ್ರ ಕೊನೆಗಿರಲಿ. ಅದು ಮುಗಿದದ್ದು 2018ರಲ್ಲಿ. ಅದರ ಬಗ್ಗೆ ನಾನು ಒಂದಕ್ಷರ ಹೇಳಲ್ಲ.