ಚೆಸ್ ಚಾಂಪಿಯನ್‌ಗೆ ಗಂಜಿ ಬೇಯಿಸಲು ಬರುವುದಿಲ್ಲ: ಕಿರುಚಿತ್ರಕ್ಕೆ ಸಲಹೆ ಬೇಕು

ಪ್ರಶ್ನೆ: ಮಂಗಳೂರಿನಲ್ಲಿ 20 ನಿಮಿಷದ ಹಾಸ್ಯ ಕಿರುಚಿತ್ರ ಮಾಡುತ್ತಿದ್ದೇವೆ. ನಾಯಕನಿಗೆ 23 ವರ್ಷ, ಚೆಸ್‌ನಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್. ಇಷ್ಟು ದಿನ ಎಲ್ಲವನ್ನೂ ಅಮ್ಮನೇ ನೋಡಿಕೊಂಡದ್ದು, ಈಗ ಮಣ್ಣಗುಡ್ಡೆಯಲ್ಲಿ ಒಬ್ಬನೇ ರೂಮು ಮಾಡಿದ್ದಾನೆ. ಕಥೆ ನಡೆಯುವುದು ಜುಲೈಯಲ್ಲಿ. ಅವನು ಎಡವುವ ಜಾಗಗಳು ನಿಜ ಅನ್ನಿಸಬೇಕು. ಗೊತ್ತಿದ್ದವರು ಹೇಳಿ.

ಚೆಸ್ ತೀರ್ಪುಗಾರರು: ಮೊದಲು ಬೋರ್ಡ್ ಸರಿ ಇಡಿ ಮಾರಾಯ್ರೆ, ಸಿನಿಮಾದವರು ತಪ್ಪುವುದೇ ಅಲ್ಲಿ. ಇಬ್ಬರಿಗೂ ಬಲಗೈ ಬದಿಯ ಹತ್ತಿರದ ಮೂಲೆ ಬಿಳಿ ಚೌಕ ಆಗಿರಬೇಕು. ಬಿಳಿ ರಾಣಿ ಬಿಳಿ ಚೌಕದಲ್ಲಿ, ಕಪ್ಪು ರಾಣಿ ಕಪ್ಪಿನಲ್ಲಿ. ಸೋತವನು ರಾಜನನ್ನು ಉರುಳಿಸುವ ನಾಟಕ ಬೇಡ. ಗಡಿಯಾರ ನಿಲ್ಲಿಸಿ, ಕೈಕುಲುಕಿ ಎದ್ದರೆ ಆಯಿತು.

ಇನ್ನು ಹಾಸ್ಯ. ಇವನು ದಡ್ಡನಲ್ಲ, ನಿಯಮದ ಮನುಷ್ಯ. ಆ ನಿಯಮಗಳನ್ನೇ ಪೇಟೆಗೆ ತನ್ನಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದು ಚೆಸ್‌ನಲ್ಲಿ ಉಂಟಲ್ಲ, ಹಾಗಾಗಿ ತರಕಾರಿ ಅಂಗಡಿಯಲ್ಲಿ ಕೈ ತಾಗಿದ ಹಾಗಲಕಾಯಿಯನ್ನೆಲ್ಲ ಕೊಳ್ಳುತ್ತಾನೆ. ನಡೆಸುವ ಉದ್ದೇಶವಿಲ್ಲದೆ ಕಾಯಿ ಸರಿಪಡಿಸುವುದಿದ್ದರೆ ಮೊದಲೇ ‘ಅಡ್ಜಸ್ಟ್’ ಎನ್ನಬೇಕು. ಅವನು ‘ಅಡ್ಜಸ್ಟ್’ ಅಂತ ಹೇಳಿ ಟೊಮೆಟೊ ಒತ್ತಿ ನೋಡಲಿ. ಅಂಗಡಿಯಮ್ಮನಿಗೆ ರೇಟು ಅಡ್ಜಸ್ಟ್ ಮಾಡಿ ಅಂದಂತೆ ಕೇಳುತ್ತದೆ. ಆಮೇಲೆ ನೀವು ಸಂಭಾಷಣೆ ಬರೆಯುವುದೇ ಬೇಡ.

ಆಟದ ಜಾಗದಲ್ಲಿ ಫೋನ್ ಸದ್ದು ಮಾಡಿದರೆ ಆಟ ಸೋತ ಹಾಗೆ. ಅದಕ್ಕೇ ಇವನ ಫೋನ್ ಯಾವಾಗಲೂ ಆಫ್. ಗ್ಯಾಸ್ ಸಿಲಿಂಡರ್ ತಂದವನು ಫೋನಿಗೆ ಬಂದ ಕೋಡ್ ಕೇಳುತ್ತಾನೆ. ಫೋನ್ ಆನ್ ಆಗಿ, ಮೆಸೇಜ್ ಬರುವಷ್ಟರಲ್ಲಿ ಸಿಲಿಂಡರ್ ವಾಪಸ್.

ಅಡುಗೆಯವರು: ಕುಚ್ಚಲಕ್ಕಿ ಸೀನ್ ಬಿಡಬೇಡಿ. ಯೂಟ್ಯೂಬ್ ನೋಡಿ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಮೂರು ವಿಶಲ್ ಅಂತ ಇಟ್ಟರೆ ಅದು ಬೆಳ್ತಿಗೆಯ, ಅಂದರೆ ಮಾಮೂಲಿ ಬಿಳಿ ಅಕ್ಕಿಯ ಲೆಕ್ಕ. ಕುಚ್ಚಲಕ್ಕಿಯೆಂದರೆ ಭತ್ತವನ್ನೇ ಒಮ್ಮೆ ಬೇಯಿಸಿ ಒಣಗಿಸಿದ್ದು, ಕಾಳು ಗಟ್ಟಿ, ಒಳಗೆ ನೀರು ಇಳಿಯಲು ಹೊತ್ತು ಬೇಕು. ಅರೆಬೆಂದ ಕಾಳು ಮೇಲೆ, ಸೀದದ್ದು ಅಡಿಯಲ್ಲಿ. ಸರಿಯಾದ ಕ್ರಮ: ಐದು ಲೀಟರಿನ ಕುಕ್ಕರಿಗೆ ತೊಳೆದ ಅಕ್ಕಿ ಒಂದು ಲೋಟ, ನೀರು ನಾಲ್ಕೈದು ಲೋಟ. ಮೊದಲ ವಿಶಲ್‌ವರೆಗೆ ದೊಡ್ಡ ಉರಿ, ಆಮೇಲೆ ಸಣ್ಣ ಉರಿಯಲ್ಲಿ 15-20 ನಿಮಿಷ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ; ಅರ್ಧ ಬೇಯುವುದು ಆಗಲೇ. ಅಕ್ಕಿ ನೀರು ಎರಡೂ ಸೇರಿ ಕುಕ್ಕರಿನ ಅರ್ಧ ದಾಟಬಾರದು. ದಾಟಿದರೆ ವಿಶಲ್ ಜೊತೆ ಗಂಜಿನೀರು ನೊರೆನೊರೆಯಾಗಿ ಚಿಮ್ಮಿ ಗೋಡೆಗೆ ಬೀಳುತ್ತದೆ. ಅದನ್ನು ತೋರಿಸಿ. ಮುಚ್ಚಳ ಬಲವಂತವಾಗಿ ತೆಗೆಯುವುದನ್ನು ಮಾತ್ರ ತೋರಿಸಬೇಡಿ, ನೋಡಿ ಕಲಿಯುವವರು ಇರುತ್ತಾರೆ.

ಆಟದಲ್ಲಿ ನಡೆ ಬರೆಯುವ ಹಾಳೆ ಇರುತ್ತದಲ್ಲ, ಅದರಲ್ಲೇ ವಿಶಲ್ ಬರೆಯಲಿ. ಪಕ್ಕದ ಮನೆಯ ಕುಕ್ಕರಿನದ್ದನ್ನೂ ಸೇರಿಸಿ.

ಮೀನು ಗೊತ್ತಿರುವವರು: ಜುಲೈ ಅಂದಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಾರ್ಕೆಟಿನಲ್ಲಿ ತಾಜಾ ಅಂಜಲ್ ರಾಶಿ ಹಾಕಿ ಅಗ್ಗಕ್ಕೆ ಮಾರುವಂತೆ ತೋರಿಸಿದರೆ ಇಲ್ಲಿಯ ಪ್ರೇಕ್ಷಕರು ನಿಮಗೇ ನಗುತ್ತಾರೆ. ಒಣಮೀನು ತೋರಿಸಿ, ಇಲ್ಲವೇ ಸೀನ್ ತೆಗೆಯಿರಿ.

ಇನ್ನೊಬ್ಬರು: ಬ್ಯಾಂಕ್ ಕೆಲಸಕ್ಕೆ ಕಳಿಸಿ. ಇಲ್ಲಿ ಸಿಟಿ ಬಸ್‌ಸ್ಟ್ಯಾಂಡಿಗೇ ‘ಸ್ಟೇಟ್ ಬ್ಯಾಂಕ್’ ಅನ್ನುವುದು, ಬಸ್ಸಿನಲ್ಲಿ ಹಾಗಂತ ಟಿಕೆಟ್ ತಗೊಂಡರೆ ಇಳಿಯುವುದು ಅಲ್ಲಿ. ಅವನ ಖಾತೆ ಇರುವ ಶಾಖೆ ಮನೆ ಪಕ್ಕದಲ್ಲೇ ಇರಲಿ. ‘ದುಂಬು ಪೋಲೆ’ (ತುಳುವಿನಲ್ಲಿ ‘ಮುಂದೆ ಹೋಗಿ’) ಅಂತ ಕಂಡಕ್ಟರ್ ಕೂಗಿದರೆ ಒಂದೊಂದೇ ಹೆಜ್ಜೆ ಮುಂದೆ ಹೋಗಲಿ, ಪದಾತಿಯ ಹಾಗೆ.

ಬಟ್ಟೆಯದ್ದೂ ಉಂಟು. ಜುಲೈಯಲ್ಲಿ ಗಾಳಿಯೇ ಒದ್ದೆ. ಒಗೆದದ್ದನ್ನು ಬಕೆಟಿನಲ್ಲೇ ಬಿಟ್ಟರೆ, ಒತ್ತೊತ್ತಾಗಿ ಹಾಕಿದರೆ ಬ್ಯಾಕ್ಟೀರಿಯಾ ಬೆಳೆದು ಕಮಟು ವಾಸನೆ. ಸ್ವಲ್ಪಸ್ವಲ್ಪವೇ ಒಗೆಯಬೇಕು, ಎರಡು ಸಲ ಸ್ಪಿನ್ ಮಾಡಬೇಕು, ನಡುವೆ ಜಾಗ ಬಿಟ್ಟು ಫ್ಯಾನಿನಡಿ ಹರಡಬೇಕು. ಬಹುಮಾನ ತೆಗೆದುಕೊಳ್ಳಲು ಹಾಕುವ ಬ್ಲೇಜರಿನ ಮೇಲೆ ಬೂಷ್ಟು, ಅದು ಒಂದೇ ಶಾಟ್ ಸಾಕು.

ಕೇಳಿದವರು: ಮೀನು ತೆಗೆದೆವು, ‘ಅಡ್ಜಸ್ಟ್’ ಇಟ್ಟುಕೊಂಡೆವು. ಕೊನೆಗೆ ಮನೆ ಓನರ್ ಆಂಟಿಯ ಜೊತೆ ರಾಜಿ ಆಗಬೇಕು. ಗೋಡೆಗೆ ಗಂಜಿ ಹಾರಿದ್ದಕ್ಕೆ ಅವರಿಗೆ ಸಿಟ್ಟು ಬಂದಿರುತ್ತದೆ. ಅವನು ಡ್ರಾ ಕೇಳಿದರೆ ಹೇಗೆ?

ಚೆಸ್ ತೀರ್ಪುಗಾರರು: ಕೇಳಲಿ, ಆದರೆ ಕ್ರಮ ತಪ್ಪಬಾರದು. ಮೊದಲು ನಡೆ, ಆಮೇಲೆ ಡ್ರಾ ಕೇಳುವುದು, ಕೊನೆಗೆ ಗಡಿಯಾರ ಒತ್ತುವುದು. ಅಂದರೆ ಗಂಜಿ ಬಟ್ಟಲು ಆಂಟಿಯ ಮುಂದೆ ಇಟ್ಟು, ‘ಡ್ರಾ?’ ಎಂದು, ಮೇಜು ತಟ್ಟಬೇಕು. ಬಟ್ಟಲು ಇಟ್ಟ ಕೈಯಿಂದಲೇ ತಟ್ಟಬೇಕು, ಇನ್ನೊಂದು ಕೈಯಿಂದ ಅಲ್ಲ. ಆಂಟಿ ಉಪ್ಪಿನಕಾಯಿ ಹಾಕಿಕೊಂಡರೆ ಒಪ್ಪಿದ ಹಾಗೆ.