1,200 ಮನೆಗಳಲ್ಲಿ 120 ಆರಿಸೋದು ಹೇಗೆ? ಮಾಡಿದವರು ಹೇಳಿ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಓದುತ್ತಿದ್ದೇನೆ. ನಮ್ಮೂರಿನ 1,200 ಮನೆಗಳಲ್ಲಿ 120ಕ್ಕೆ ಹೋಗಿ ಕುಡಿಯುವ ನೀರಿನ ಬಗ್ಗೆ ಸರ್ವೆ ಮಾಡಬೇಕು. ಗೈಡ್ ‘ರ್ಯಾಂಡಮ್ ಆಗಿ ಆರಿಸಿಕೊ’ ಅಂದರು. ಸುಮ್ನೆ ಅಲ್ಲೊಂದು ಇಲ್ಲೊಂದು ಮನೆಗೆ ಹೋದರೆ ಆಗುತ್ತಾ?

ಉತ್ತರ 1
ಆಗಲ್ಲ. ನಾನು ಹಾಗೇ ಮಾಡಿ ಕೈ ಸುಟ್ಟುಕೊಂಡೆ. ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ, ಬಾಗಿಲು ತೆರೆದಿದ್ದ, ನಾಯಿ ಇಲ್ಲದ ಮನೆಗಳಿಗೆಲ್ಲ ಹೋದೆ. ಕೊನೆಗೆ ನೋಡಿದರೆ ಊರಾಚೆಯ ಕಾಲೊನಿಯದು ಒಂದು ಮನೆಯೂ ಇಲ್ಲ!

ಎರಡನೇ ಸಲ ಮೊದಲು ಪಟ್ಟಿ ಹಿಡಿದೆ. ಪಂಚಾಯ್ತಿಯ ಮನೆ ಕಂದಾಯದ ಪಟ್ಟಿಯಲ್ಲಿ ಹೊಸ ಮನೆಗಳೇ ಇರಲಿಲ್ಲ. ಆಶಾ ಕಾರ್ಯಕರ್ತೆ ಜೊತೆ ಎರಡು ದಿನ ಓಡಾಡಿ ಸರಿಮಾಡಿಕೊಂಡೆ. ನಿಮಗೆ ಬೇಕಾದ್ದು ಹತ್ತಕ್ಕೊಂದು. 1ರಿಂದ 10ರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. 7 ಬಂತು ಅನ್ನಿ, ಆಮೇಲೆ 17, 27, 37, ಹೀಗೇ ಕೊನೆವರೆಗೆ. ಪಟ್ಟಿ ಕೇರಿವಾರು ಇದ್ದರೆ ಹೆಚ್ಚುಕಮ್ಮಿ ಎಲ್ಲ ಕೇರಿಗೂ ಪಾಲು ಬರುತ್ತದೆ.

17ನೇ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ, ಸಂಜೆ ಮತ್ತೆ ಹೋಗಿ. ಹಗಲು ಬೀಗ ಬೀಳೋದು ಕೂಲಿಗೆ ಹೋಗುವವರ ಮನೆಗೇ ಜಾಸ್ತಿ. ಅವರು ನೀರು ಹಿಡಿಯುವ ಹೊತ್ತೇ ಬೇರೆ ಅಲ್ವಾ?

ಉತ್ತರ 2
ಈ ಲೆಕ್ಕದಲ್ಲಿ 40 ಮನೆಯ ಕೇರಿಗೆ ಬರೋದು ನಾಲ್ಕೇ. ಆ ಕೇರಿಯ ಬಗ್ಗೆಯೇ ಏನಾದರೂ ಹೇಳಬೇಕಿದ್ದರೆ ಅಲ್ಲಿ 20 ತಗೊಳ್ಳಿ. ಆದರೆ ಇಡೀ ಊರಿನ ಸರಾಸರಿ ತೆಗೆಯುವಾಗ ಅದಕ್ಕೆ 40 ಮನೆಯ ತೂಕವನ್ನಷ್ಟೇ, ಅಂದರೆ 1,200ರಲ್ಲಿ 40ರ ಪಾಲನ್ನಷ್ಟೇ ಕೊಡಿ. ನಾನು ಇದನ್ನು ಮರೆತು ವೈವಾದಲ್ಲಿ ಸಿಕ್ಕಿಬಿದ್ದೆ.

ಉತ್ತರ 3
ನಾನು ನಿವೃತ್ತ ಗ್ರಾಮ ಲೆಕ್ಕಿಗ. ರಾಗಿಯ ಬೆಳೆ ಕಟಾವು ಪ್ರಯೋಗದಲ್ಲಿ (ಇಳುವರಿ ಅಂದಾಜು ಮಾಡೋಕೆ ಹೊಲದ ಒಂದು ತುಂಡು ಕೊಯ್ದು ತೂಗುವುದು) ಸರ್ವೆ ನಂಬರೂ ರ್ಯಾಂಡಮ್, ಹೊಲದೊಳಗೆ ಕೊಯ್ಯುವ 5 ಮೀಟರ್ ಚೌಕವೂ ರ್ಯಾಂಡಮ್. ನೈಋತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಅಂತ ಕೊಟ್ಟಿರುತ್ತಾರೆ. ಅಲ್ಲಿ ತೆನೆ ಜೊಳ್ಳಿದ್ದರೂ ಅಲ್ಲೇ ಗೂಟ ಹೊಡೆದು ಹಗ್ಗ ಕಟ್ಟಬೇಕು. ಮುಂಚೆ ರೈತರು ‘ಸ್ವಾಮಿ, ಆ ಕಡೆ ಪೈರು ಚೆನ್ನಾಗಿದೆ’ ಅಂತ ಕೈ ಹಿಡಿದು ಎಳೆಯುತ್ತಿದ್ದರು. ಬೆಳೆ ವಿಮೆ ಬಂದ ಮೇಲೆ ಜೊಳ್ಳಿರುವ ಕಡೆಗೆ ಎಳೆಯೋಕೆ ಶುರು ಮಾಡಿದರು!

ನಿಮ್ಮನ್ನೂ ‘ಬಾಮ್ಮ, ನಮ್ಮನೇದೂ ಬರ್ಕೋ’ ಅಂತ ಕರೆಯುವವರು ಇರ್ತಾರೆ. ಹೋಗಿ ಕಾಫಿ ಕುಡಿಯಿರಿ. ಫಾರಂ ಮಾತ್ರ ಚೀಲದಿಂದ ತೆಗೀಬೇಡಿ.