ಸಂಬಳ ಜಾಸ್ತಿ ಮಾಡಿದರೂ ಟೈಲರ್‌ಗಳು ಯಾಕೆ ಬಿಟ್ಟು ಹೋಗುತ್ತಿದ್ದಾರೆ?

ಪ್ರಶ್ನೆ: ಬೊಮ್ಮನಹಳ್ಳಿ ಹತ್ತಿರ ನಮ್ಮದೊಂದು ಚಿಕ್ಕ ಗಾರ್ಮೆಂಟ್ಸ್ ಇದೆ, 60 ಮಷೀನು. ಯುಗಾದಿಗೆ ಎಲ್ಲರಿಗೂ ತಿಂಗಳಿಗೆ 800 ರೂಪಾಯಿ ಜಾಸ್ತಿ ಮಾಡಿದೆವು. ಆದರೂ ಮೂರು ತಿಂಗಳಲ್ಲಿ 11 ಜನ ಬಿಟ್ಟರು, ಕಾಲರ್ ಹಾಕುವ ಇಬ್ಬರು ಒಳ್ಳೆ ಕೆಲಸಗಾರರೂ ಹೋದರು. ಕೇಳಿದರೆ ಮನೆಯಲ್ಲಿ ಕಷ್ಟ ಅನ್ನುತ್ತಾರೆ. ಆಮೇಲೆ ನೋಡಿದರೆ ಎರಡು ಬೀದಿ ಆಚೆ ಅದೇ ಸಂಬಳಕ್ಕೆ ಸೇರಿರುತ್ತಾರೆ. ಇನ್ನೇನು ಮಾಡಲಿ?

ಉತ್ತರ: ಫ್ಯಾಕ್ಟರಿಗಳಲ್ಲಿ 18 ವರ್ಷದಿಂದ ಎಚ್‌ಆರ್ ಕೆಲಸ ಮಾಡುತ್ತಿದ್ದೇನೆ. ಅದೇ ಸಂಬಳಕ್ಕೆ ಸೇರಿದ್ದಾರೆ ಅಂದಿರಲ್ಲ, ಅಂದರೆ ಅವರು ದುಡ್ಡಿಗಾಗಿ ಹೋಗಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು ಇದನ್ನೇ: ಸಂಬಳ, ಮೇಲಿನವರ ನಡವಳಿಕೆ ಸರಿಯಿಲ್ಲದಿದ್ದರೆ ಜನಕ್ಕೆ ಬೇಸರ ಬರುತ್ತದೆ, ಅವು ಸರಿಯಾದ ಮಾತ್ರಕ್ಕೆ ಖುಷಿ ಬರುವುದಿಲ್ಲ, ಖುಷಿ ಬರುವುದು ಕೆಲಸ ಚೆನ್ನಾಗಿ ಆದಾಗ, ಅದನ್ನು ಯಾರಾದರೂ ಗುರುತಿಸಿದಾಗ, ಸ್ವಲ್ಪ ಜವಾಬ್ದಾರಿ ಸಿಕ್ಕಾಗ. ಟೈಲರ್‌ಗಳಿಗೆ ಇದು ಪೂರ್ತಿ ಹೊಂದುವುದಿಲ್ಲ. ಇಲ್ಲಿ ಬಾಡಿಗೆ, ಮಕ್ಕಳ ಫೀಸು, ಸಂಘದ ಕಂತು ಮೊದಲು. ಆದರೆ ಎರಡು ಕಡೆ ಒಂದೇ ಸಂಬಳ ಇದ್ದರೆ, ಬೈಗುಳ ಕಡಿಮೆ ಇರುವ ಕಡೆ ಹೋಗುತ್ತಾರೆ. ಗಂಟೆಗೊಮ್ಮೆ ಬೋರ್ಡ್ ಮೇಲೆ ಟಾರ್ಗೆಟ್ ಬರೆಯುವಾಗ ನಿಮ್ಮ ಸೂಪರ್‌ವೈಸರ್ ಹೇಗೆ ಮಾತಾಡುತ್ತಾರೆ, ಒಂದು ದಿನ ನಿಂತು ಕೇಳಿ.

ಪ್ರಶ್ನೆ: ಕೂಗಾಡುತ್ತಾರೆ, ನಿಜ. ಶಿಪ್‌ಮೆಂಟ್ ಡೇಟ್ ತಲೆ ಮೇಲೆ ಇರುತ್ತದೆ ಅಲ್ವಾ? ಎಲ್ಲರ ಖುಷಿ ನೋಡುತ್ತಾ ಕೂತರೆ ಪೀಸ್ ಬರುತ್ತದಾ?

ಉತ್ತರ: ಕಾಲರ್ ಹಾಕುವ ಆ ಇಬ್ಬರು ಕೆಲಸ ಬಿಟ್ಟ ವಾರದಲ್ಲಿ ಎಷ್ಟು ಪೀಸ್ ಬಂತು, ಲೆಕ್ಕ ತೆಗೆದು ನೋಡಿ. ಆ ಸೀಟ್ ಖಾಲಿಯಾದರೆ ಅಲ್ಲಿ ಬಂಡಲ್ ರಾಶಿ ಬೀಳುತ್ತದೆ, ಮುಂದಿನವರು ಸುಮ್ನೆ ಕೂರುತ್ತಾರೆ, ಹೊಸಬರ ಕೈ ಕೂರುವ ತನಕ ಆಲ್ಟರೇಷನ್, ಅಂದರೆ ಬಿಚ್ಚಿ ಮತ್ತೆ ಹೊಲಿಯುವ ಕೆಲಸ, ಜಾಸ್ತಿ. ಕೂಗಾಡಿ ಉಳಿಸಿದ ಹೊತ್ತಿಗಿಂತ ಇಲ್ಲಿ ಹೋಗುವುದೇ ಹೆಚ್ಚು.

ನಮ್ಮ ದೇಶದ ಗಾರ್ಮೆಂಟ್ಸ್‌ನಲ್ಲೇ ಒಂದು ಅಧ್ಯಯನ ನಡೆದಿದೆ. ಸಂಬಳ ಏರಿದ್ದು ನಿರೀಕ್ಷೆಗಿಂತ ಕಡಿಮೆಯಾಗಿ ಜನ ಬೇಸರದಲ್ಲಿದ್ದರು. ಆಗ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹೆಸರಿಲ್ಲದೆ, ಕೆಲಸ ಮತ್ತು ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಕೇಳಿದರು. ಹಾಗೆ ಅಭಿಪ್ರಾಯ ಕೇಳಲಾದವರಲ್ಲಿ ಕೆಲಸ ಬಿಟ್ಟವರೂ ಕಡಿಮೆ, ರಜೆ ಹಾಕಿದವರೂ ಕಡಿಮೆ. ನಿಮ್ಮ 800 ರೂಪಾಯಿಗೂ ಹೀಗೇ ಆಗಿರಬಹುದು, ಅವರು ಎಷ್ಟು ಅಂದುಕೊಂಡಿದ್ದರು ಅಂತ ಕೇಳಿದ್ದೀರಾ?

ಈ ಶನಿವಾರವೇ ಎಲ್ಲರಿಗೂ ಖಾಲಿ ಚೀಟಿ ಕೊಡಿ. ಹೆಸರು ಬೇಡ. ಬರೆಯಲು ಬಾರದವರು ಗೆಳತಿಯಿಂದ ಬರೆಸಲಿ. ನಾನಿದ್ದ ಒಂದು ಕಡೆ ಜಾಸ್ತಿ ಬಂದಿದ್ದು ಸಂಬಳದ ಮಾತಲ್ಲ, ಮಗುವಿಗೆ ಜ್ವರ ಅಂದರೂ ರಜೆ ಕೊಡಲ್ಲ ಅನ್ನುವ ದೂರು. ಚೀಟಿಗಳನ್ನು ಸೂಪರ್‌ವೈಸರ್ ಕೈಗೆ ಕೊಡಬೇಡಿ, ನೀವೇ ಓದಿ. ಅದರಲ್ಲಿ ಒಂದನ್ನಾದರೂ ಮುಂದಿನ ಸಂಬಳದೊಳಗೆ ಸರಿ ಮಾಡಿ, ಮಾಡಿದ್ದನ್ನು ಲೈನ್ ಮುಂದೆ ನಿಂತು ಹೇಳಿ.